ಕೌನ್ಸೆಲರ್ ತಮ್ಮ ಮನೆ ಕಥೆ ಹೇಳ್ತಾರೆ, ನಾನು ಸಮಾಧಾನ ಮಾಡ್ತೀನಿ. ಇದು ಸರೀನಾ?

ಹೇಮಾವತಿ_ತೀರ · ಚರ್ಚೆ ಶುರು ಮಾಡಿದವರು

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಮ್ಮ ಹೋಗಿ ಹದಿನಾಲ್ಕು ತಿಂಗಳಾಯ್ತು. ಕಿಡ್ನಿ. ಎರಡೂವರೆ ವರ್ಷ ಹಾಸನದಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ತಿಥಿ ಮುಗಿಯೋವರೆಗೂ ಮನೆ ತುಂಬಾ ಜನ. ಮಾತಾಡಿಸೋಕೆ ಬಂದವರೆಲ್ಲ ಐದು ನಿಮಿಷ ಅಮ್ಮನ ಸುದ್ದಿ ಎತ್ತೋರು, ಆಮೇಲೆ ಅವರತ್ತೆ ಹೆಂಗೆ ಹೋದ್ರು, ಅವರ ಭಾವನ ಆಸ್ಪತ್ರೆ ಬಿಲ್ಲು ಎಷ್ಟಾಯ್ತು, ಅದೇ ಶುರು. ನಾನು ಕಾಫಿ ಲೋಟ ಹಿಡ್ಕೊಂಡು ನಿಂತು "ಅಯ್ಯೋ ಪಾಪ" ಅಂತಿದ್ದೆ. ತೀರಿಕೊಂಡಿದ್ದು ನಮ್ಮಮ್ಮ, ಸಮಾಧಾನ ಹೇಳ್ತಿದ್ದಿದ್ದು ನಾನು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಿದ್ದೆ ಪೂರ್ತಿ ಕೆಟ್ಟೋಯ್ತು. ಗೆಳತಿ ಹೇಳಿದಳು ಅಂತ ಒಬ್ಬ ಕೌನ್ಸೆಲರ್ ಹತ್ರ ಹೋಗೋಕೆ ಶುರು ಮಾಡಿದೆ. ಐವತ್ತು ನಿಮಿಷಕ್ಕೆ 1,500. ಮೊದಲ ಐದಾರು ಸೆಷನ್ ನಿಜವಾಗ್ಲೂ ಚೆನ್ನಾಗಿತ್ತು. ಅಲ್ಲಿ ನಾನು ಯಾರಿಗೂ ಕಾಫಿ ಕೊಡಬೇಕಾಗಿರಲಿಲ್ಲ, ಅಷ್ಟೇ ಸಾಕಾಗಿತ್ತು ನನಗೆ.

ಆರನೇ ಸೆಷನ್ನಿನಲ್ಲಿ ಇನ್ಯಾರಿಗೂ ಹೇಳದ ಒಂದು ವಿಷಯ ಹೇಳಿದೆ. ಅಮ್ಮನ ಮೊಬೈಲ್ ನಂಬರ್ ಈಗಲೂ ಜೀವಂತ ಇಟ್ಟಿದ್ದೀನಿ, 28 ದಿನಕ್ಕೊಂದು ಸಲ ರೀಚಾರ್ಜ್ ಮಾಡಿಸ್ತೀನಿ, ಯಾಕೆ ಅಂತ ನನಗೇ ಗೊತ್ತಿಲ್ಲ. ಹೇಳಿ ತಲೆ ತಗ್ಗಿಸಿ ಕೂತೆ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಮ್ಮನ ಒಂದು ಸೀರೆ ನಾನು ಎಂಟು ವರ್ಷದಿಂದ ಒಗೆದಿಲ್ಲ" ಅಂದ್ರು. ಅಷ್ಟೇ. ಆಮೇಲೆ "ಆ ನಂಬರ್‌ಗೆ ಯಾವತ್ತಾದ್ರೂ ಫೋನ್ ಮಾಡಿದ್ದೀರಾ?" ಅಂತ ಕೇಳಿದ್ರು. ಅವತ್ತು ಅತ್ತಷ್ಟು ಮಣ್ಣು ಮಾಡಿದ ದಿನಾನೂ ಅತ್ತಿರಲಿಲ್ಲ.

ತೊಂದರೆ ಶುರುವಾಗಿದ್ದು ಅದರ ನಂತರ. ಒಂದು ಸಲ ಬಾಗಿಲು ತೆರೀತು ನೋಡಿ. ಎಂಟನೇ ಸೆಷನ್ನಿಗೆ ಅವರ ತಮ್ಮ ಆಸ್ತಿ ಪಾಲಿಗೆ ಕೋರ್ಟಿಗೆ ಹೋಗಿರೋದು ಗೊತ್ತಾಯ್ತು. ಒಂಬತ್ತಕ್ಕೆ ನಾದಿನಿ ಏನಂದ್ರು ಅನ್ನೋದು. ಹೋದ ವಾರ ಗೋಡೆ ಗಡಿಯಾರ ನೋಡಿದೆ, ಇಪ್ಪತ್ತು ನಿಮಿಷ ಅವರದೇ ಆಗಿತ್ತು. ಅವರ ಕಣ್ಣಲ್ಲಿ ನೀರು. ಟಿಶ್ಯೂ ಡಬ್ಬಿ ನಾನೇ ಅವರ ಕಡೆ ತಳ್ಳಿದೆ. ಮುಂದಿನ ಸಲ ಹೋಗುವಾಗ ಕೋಡುಬಳೆ ತಗೊಂಡು ಹೋಗೋಣ ಅಂತ ಯೋಚನೆ ಮಾಡ್ತಾ ಇದ್ದೆ, ಆಗ ಹೊಳೀತು. ಇದು ಮತ್ತೆ ಅದೇ ಕಾಫಿ ಲೋಟ ಅಲ್ವಾ?

ಕೆಟ್ಟವರಲ್ಲ ಅವರು, ದಯವಿಟ್ಟು ಬೈಬೇಡಿ. ಸೀರೆ ಮಾತು ಯಾಕೆ ಅಷ್ಟು ಸಮಾಧಾನ ಕೊಡ್ತು, ತಮ್ಮನ ಮಾತು ಯಾಕೆ ಇಷ್ಟು ಭಾರ ಆಯ್ತು? ಕೌನ್ಸೆಲರ್‌ಗಳು ತಮ್ಮ ವಿಷಯ ಹೇಳಬಹುದಾ, ಹೇಳಬಾರದಾ? ಇಲ್ಲಿ ಆ ಕ್ಷೇತ್ರದವರು ಇದ್ದಾರೆ ಅಂತ ಗೊತ್ತು, ಅದಕ್ಕೆ ಕೇಳ್ತಿದ್ದೀನಿ.

ಚಿಕ್ಕು_ಚಿಕ್ಕಬಳ್ಳಾಪುರ

ಆ ಇಪ್ಪತ್ತು ನಿಮಿಷದ್ದು 600 ರೂಪಾಯಿ ಆಗುತ್ತೆ ಅಕ್ಕ, ವಾಪಸ್ ಇಸ್ಕೊಳ್ಳಿ. ತಮಾಷೆ ಮಾಡಿದೆ. ಆದ್ರೆ ಸಿಮ್ ವಿಷಯ ಓದಿ ಒಂಥರಾ ಆಯ್ತು. ನಾನೂ ಅಪ್ಪನ ವಾಟ್ಸಾಪ್ ಚಾಟ್ ಡಿಲೀಟ್ ಮಾಡಿಲ್ಲ.

ಮಲೆನಾಡ_ಮಳೆ

ಓದಿದೆ. ನನಗೇನೋ ಇದು ನಗರದವರ ಹೊಸ ತಲೆನೋವು ಅನ್ನಿಸುತ್ತೆ. ನಮ್ಮೂರ ಡಾಕ್ಟ್ರು ನನ್ನ ಬಿ.ಪಿ. ನೋಡ್ತಾ ತಮ್ಮ ಬಿ.ಪಿ. ಎಷ್ಟು ಅಂತ ಹೇಳ್ತಾರೆ, ಮಗಳ ಮದುವೆ ಸಾಲದ ವಿಷಯ ಹೇಳ್ತಾರೆ. ನಲವತ್ತು ವರ್ಷದಿಂದ ಊರೇ ಅವರ ಹತ್ರ ಹೋಗುತ್ತೆ. ಮನುಷ್ಯರು ಮನುಷ್ಯರ ಹತ್ರ ಕಷ್ಟಸುಖ ಹೇಳ್ಕೊಳ್ಳೋದು ತಪ್ಪಾ? ಬಾಯಿಗೆ ಬೀಗ ಹಾಕ್ಕೊಂಡು ತಲೆ ಆಡಿಸೋರೇ ಬೇಕು ಅಂದ್ರೆ ಮೊಬೈಲಲ್ಲೇ ಈಗ ಸಿಗುತ್ತಲ್ಲ, ಅದರ ಹತ್ರ ಹೇಳ್ಕೊಳ್ಳಿ.

ಹೇಮಾವತಿ_ತೀರ

ಅಣ್ಣ, ನಿಮ್ಮ ಡಾಕ್ಟ್ರು ಸಾಲದ ವಿಷಯ ಹೇಳಿದ ದಿನ ನಿಮ್ಮ ಬಿ.ಪಿ. ನೋಡೋದು ಮರೆತಿದ್ರಾ? ನನ್ನ ಪ್ರಶ್ನೆ ಅಷ್ಟೇ.

ರೋಣದ_ಕಾಕಾ

ತಂಗಿ, ಛಲೋ ಪ್ರಶ್ನೆ ಕೇಳೀರಿ. ನಾ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಆಗಿದ್ದೆ, ಈಗ ನಿವೃತ್ತ. ಸರ್ವಿಸ್ ಬಹುತೇಕ ಧಾರವಾಡದಾಗ.

ನಮಗ ಕಲಿಸೋ ಮುಂದ ಹೇಳತಿದ್ದರು, ವೈದ್ಯ ಕನ್ನಡಿ ಇದ್ದಂಗ ಇರಬೇಕು, ರೋಗಿಗಿ ಅವನ ಮುಖ ಅಷ್ಟ ಕಾಣಬೇಕು, ಕನ್ನಡಿ ಹಿಂದಿನ ಗ್ವಾಡಿ ಕಾಣಬಾರದು. ಈ ಕನ್ನಡಿ ಮಾತು ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ 1912ರಾಗ ಬರದದ್ದು. ಆದರ ಆ ಮನಷ್ಯಾ ಹಂಗ ಇದ್ದನೇನು? ವಿಯೆನ್ನಾದ ಬೆರ್ಗಾಸೆ 19ನೇ ನಂಬರ್ ಮನಿಯೊಳಗ ಅವನ ಖೋಲಿ ತುಂಬ ಹಳೇ ಮೂರ್ತಿ, ಈಜಿಪ್ಟಿನವು, ಗ್ರೀಕರವು. ಕಡೀ ಕಡೀಗೆ ಅವನ ನಾಯಿ ಯೋಫಿ ಸೆಷನ್ನಿನಾಗ ಕಾಲ ಹತ್ರ ಮಲಗಿರತಿತ್ತು. ಒಬ್ಬ ರೋಗಿ ಹಸಕೊಂಡು ಬಂದಾಗ ಊಟಕ್ಕ ಹಾಕಿದ್ದನ್ನ ತಾನ ಬರದ ಇಟ್ಟಾನ. ಕನ್ನಡಿ ಅಂತ ಕನ್ನಡಿ!

ಇನ್ನ ನಮ್ಮ ಕಡೆ ಬರ್ರಿ. ನವಲಗುಂದ ಕಡೆಯಿಂದ ಒಬ್ಬ ರೈತ ಮಗನ್ನ ಕರಕೊಂಡ ಬಂದ. ಮಗ ರಾತ್ರಿ ನಿದ್ದಿ ಮಾಡಂಗಿಲ್ಲ, ಒಬ್ಬನ ಮಾತಾಡತಾನ. ನಾ ಕಾಗದಾ ಪೆನ್ನಾ ತಗೊಂಡು ಕೇಳಾಕ ಶುರು ಮಾಡೋದರೊಳಗ ಅಂವನ ನನ್ನ ಕೇಳಿದ, "ಸಾಹೇಬ್ರ, ನಿಮ್ಮೂರ ಯಾವುದ್ರಿ? ಹೊಲಾ ಎಷ್ಟ ಅದಾವ್ರಿ?" ಪುಸ್ತಕದ ಪ್ರಕಾರ ನಾ ಏನ ಕೇಳಬೇಕಿತ್ತು? "ನೀವು ಇದನ್ನ ಯಾಕ ಕೇಳಾಕತ್ತೀರಿ?" ಅಂತ. ಹಂಗ ಅಂದಿದ್ದರ ಅಂವ ಮಗನ್ನ ಎಬ್ಬಿಸಿಕೊಂಡ ಹೋಗಿ ಗುಡಿ ದಾರಿ ಹಿಡೀತಿದ್ದ. ನಾ ಹೇಳಿದೆ, "ರೋಣ ರೀ, ನಾಕ ಎಕರೆ ಎರಿ ಹೊಲ. ಈ ವರ್ಷ ಕಡ್ಲಿ ಕೈ ಕೊಡ್ತು." ಅಂವ ಕಾಲ ಚಾಚಿ ಕುಂತ. ಆಮ್ಯಾಲೆ ಎರಡ ತಾಸ ಮಗನ ಸುದ್ದಿ ಹೇಳಿದ.

ಬೆಂಗಳೂರಿನ ನಿಮ್ಹಾನ್ಸ್ ಆಗೋಕಿಂತ ಮೊದಲು ಅಲ್ಲೇ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಇತ್ತು. ಅಲ್ಲಿಯ ಎನ್.ಸಿ. ಸೂರ್ಯ ಮತ್ತ ಜಯರಾಮ್ 1964ರಾಗ ಒಂದ ಲೇಖನ ಬರದಿದ್ದರು. ಪಶ್ಚಿಮದ ಪದ್ಧತಿ ಇದ್ದಂಗ ಇಲ್ಲಿ ತಂದ ಹಾಕಿದರ ಆಗಂಗಿಲ್ಲ, ನಮ್ಮ ರೋಗಿ ನೇರ ಆಸರೆ ಬೇಡತಾನ, ಆಸರೆ ಬೇಡೋದಕ್ಕ ನಾಚಿಗೆ ಪಡಂಗಿಲ್ಲ ಅಂತ ಅದರ ತಾತ್ಪರ್ಯ. 1973ರಾಗ ಮನೋವೈದ್ಯ ಜೆ.ಎಸ್. ನೇಕಿ ಅವರು ಗುರು-ಶಿಷ್ಯ ಸಂಬಂಧನ ಚಿಕಿತ್ಸೆಗೆ ಮಾದರಿ ಆಗಬಹುದು ಅಂತ ಬರದರು. ಅಂದರ ಈ ಚರ್ಚೆ ನಿನ್ನೆ ಮೊನ್ನೆದ್ದಲ್ಲ.

ಆದರ ತಂಗಿ, ಹೊಲ ಎಷ್ಟ ಅದ ಅಂತ ಹೇಳೋದು ಬ್ಯಾರೆ, ಹೊಲದ ಜಗಳ ಹೇಳೋದು ಬ್ಯಾರೆ. ನಾ ಆ ರೈತಗ ನನ್ನ ದಾಯಾದಿ ವ್ಯಾಜ್ಯ ಬಿಚ್ಚಿದ್ದರ ಅಂವ ಮಗನ್ನ ಬಿಟ್ಟು ನನಗ ಬುದ್ಧಿ ಹೇಳಾಕ ಕುಂದರತಿದ್ದ. ನಿಮ್ಮ ಮೇಡಮ್ಮರು ಮಾಡಿದ್ದು ಇದನ್ನ.

ಗೊಂದಲಪುರ

ಕಾಕಾ, ಕಡ್ಲೆ ಕೈ ಕೊಟ್ಟಿದ್ದು ನಿಜಾನಾ ಅಥವಾ ಅವನಿಗೋಸ್ಕರ ಹೇಳಿದ್ದಾ?

ರೋಣದ_ಕಾಕಾ

ಖರೇನ ಕೈ ಕೊಟ್ಟಿತ್ತಪಾ. ಸುಳ್ಳ ಹೇಳಬಾರದು. ರೈತಗ ಹೊಲದ ಸುಳ್ಳ ಲಗೂ ತಿಳೀತದ.

ಮೈಸೂರು_ಮನಸ್ಸು

ನಾನು ಆರ್.ಸಿ.ಐ. (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್. ಹೇಮಾವತಿಯವರೇ, ನಿಮ್ಮ ಕೌನ್ಸೆಲರ್ ಪರವಾಗಿಯೂ ಅಲ್ಲ, ವಿರುದ್ಧವೂ ಅಲ್ಲ. ನೀವು ಕೇಳಿದ "ಯಾಕೆ" ಅನ್ನೋದಕ್ಕೆ ನನಗೆ ತಿಳಿದಷ್ಟು ಹೇಳ್ತೀನಿ.

ನಮ್ಮಲ್ಲಿ ಇದನ್ನ ಸೆಲ್ಫ್ ಡಿಸ್‌ಕ್ಲೋಷರ್ ಅಂತೀವಿ. ಯಾವ ವೃತ್ತಿ ಸಂಹಿತೆಯೂ ಇದನ್ನ ಪೂರ್ತಿ ನಿಷೇಧಿಸಿದ್ದು ನಾನು ನೋಡಿಲ್ಲ. 2001ರಲ್ಲಿ ಬ್ಯಾರೆಟ್ ಮತ್ತು ಬರ್ಮನ್ ಅನ್ನೋರು ಒಂದು ಅಚ್ಚುಕಟ್ಟಾದ ಪ್ರಯೋಗ ಪ್ರಕಟಿಸಿದ್ರು. ತರಬೇತಿಯಲ್ಲಿದ್ದ 18 ಥೆರಪಿಸ್ಟ್‌ಗಳು, 36 ಕ್ಲೈಂಟ್‌ಗಳು. ಪ್ರತಿಯೊಬ್ಬ ಥೆರಪಿಸ್ಟ್‌ಗೂ ಇಬ್ಬರು. ಒಬ್ಬರ ಹತ್ರ, ಕ್ಲೈಂಟ್ ಏನಾದ್ರೂ ಹೇಳಿಕೊಂಡಾಗ ಅದಕ್ಕೆ ಪ್ರತಿಯಾಗಿ ತಮ್ಮದನ್ನೂ ಸ್ವಲ್ಪ ಹೆಚ್ಚು ಹೇಳಬೇಕು. ಇನ್ನೊಬ್ಬರ ಹತ್ರ ಬಾಯಿ ಬಿಗಿಹಿಡಿಯಬೇಕು. ಹೇಳಿಸಿಕೊಂಡವರ ತೊಂದರೆ ಹೆಚ್ಚು ಇಳಿದಿತ್ತು, ಥೆರಪಿಸ್ಟ್ ಬಗ್ಗೆ ಅವರಿಗೆ ಹೆಚ್ಚು ಇಷ್ಟವೂ ಇತ್ತು. ಹಾಗಾಗಿ ನಿಮ್ಮ ಸೀರೆಯ ಅನುಭವ ವಿಚಿತ್ರವೇನಲ್ಲ. ಆದರೆ ಗಮನಿಸಿ, ಅಲ್ಲಿ ಪರೀಕ್ಷೆ ಮಾಡಿದ್ದು ಕ್ಲೈಂಟ್ ಹೇಳಿದ್ದಕ್ಕೆ ಪ್ರತಿಯಾಗಿ ಬಂದ ಮಾತನ್ನ. ಸೀರೆ ನಿಮ್ಮ ಸಿಮ್ಮಿಗೆ ಪ್ರತಿಯಾಗಿ ಬಂತು. ತಮ್ಮನ ಕೇಸು ಯಾವುದಕ್ಕೆ ಪ್ರತಿಯಾಗಿ ಬಂತು? ನಿಮ್ಮ ಬರಹದಲ್ಲಿ ನನಗೆ ಕಾಣಲಿಲ್ಲ.

ಇನ್ನೊಂದು ಸಣ್ಣ ಗುರುತು. ಸೀರೆ ಮಾತಾದ ಕೂಡಲೇ ಅವರು ನಿಮಗೆ ಪ್ರಶ್ನೆ ಕೇಳಿದ್ರು, ಮಾತು ನಿಮ್ಮ ಕೈಗೆ ವಾಪಸ್ ಬಂತು. ನಮಗೆ ಕಲಿಸಿದವರೊಬ್ಬರು ಇದನ್ನೇ ನೋಡ್ತಿದ್ರು. ನಾವು ಏನು ಹೇಳಿದ್ವಿ ಅನ್ನೋದಕ್ಕಿಂತ, ಹೇಳಿ ಎಷ್ಟು ಬೇಗ ವಾಪಸ್ ಬಂದ್ವಿ ಅಂತ.

ನನ್ನದೇ ಒಂದು ಎಡವಟ್ಟು ಹೇಳ್ತೀನಿ, ಇಲ್ಲಿ ಯಾರೂ ನನಗೆ ಫೀಸ್ ಕೊಟ್ಟಿಲ್ಲವಲ್ಲ. ಕೆಲಸಕ್ಕೆ ಸೇರಿದ ಹೊಸತು. ಸಿ.ಇ.ಟಿ. ಕೈಕೊಟ್ಟು ಬಂದಿದ್ದ ಒಬ್ಬ ಹುಡುಗ. ಧೈರ್ಯ ತುಂಬೋಣ ಅಂತ "ನಾನೂ ಒಂದು ಪ್ರವೇಶ ಪರೀಕ್ಷೇಲಿ ಫೇಲಾಗಿದ್ದೆ, ಮುಂದಿನ ವರ್ಷ ಬರೆದು ಪಾಸಾದೆ" ಅಂದೆ. ಅವನು ನಕ್ಕ. ನನಗೆ ಖುಷಿ, ಕೆಲಸ ಆಯ್ತು ಅಂತ. ಆಮೇಲೆ ಮೂರು ವಾರ ಅವನು ಓದಿನ ಮಾತೇ ಎತ್ತಲಿಲ್ಲ. ಕೊನೆಗೆ ಕೆದಕಿ ಕೇಳಿದಾಗ ಹೇಳಿದ: "ಮೇಡಂ, ನೀವು ಎರಡನೇ ಸಲಕ್ಕೆ ಪಾಸಾದ್ರಲ್ಲ. ನಂದು ಇದು ಮೂರನೇದು. ನಿಮಗೆ ಅದು ಹೇಳಿರಲಿಲ್ಲ." ನನ್ನ ಕಥೆ ಅವನ ಬಾಯಿ ಮುಚ್ಚಿಸಿತ್ತು. ಇವತ್ತಿಗೂ ಆ ನಗು ನೆನಪಿದೆ, ಅದು ಮರ್ಯಾದೆಗೆ ನಕ್ಕಿದ್ದು.

ಮಲೆನಾಡ_ಮಳೆ

18 ಜನ, 36 ಜನ. ಇಷ್ಟರಲ್ಲಿ ಇಡೀ ಲೋಕದ ನ್ಯಾಯ ತೀರ್ಮಾನ ಆಗಿಬಿಡುತ್ತಾ?

ಮೈಸೂರು_ಮನಸ್ಸು

ಆಗಲ್ಲ. ಅದಕ್ಕೇ ಹುಡುಗನ ಕಥೆಯನ್ನೂ ಹೇಳಿದ್ದು.

ಕುಡ್ಲದ_ಕಡಲು

ನನ್ನದು ಬೇರೆಯೇ ಅನುಭವ. ಕುಡಿತ ಬಿಟ್ಟು ಒಂಬತ್ತು ವರ್ಷ ಆಯಿತು ಮಾರಾಯ್ರೆ. ಡಾಕ್ಟ್ರು, ಕೌನ್ಸೆಲರ್, ಎಲ್ಲ ನೋಡಿದ್ದೇನೆ. ಎಲ್ಲರೂ ಒಳ್ಳೆಯವರೇ. ಆದರೆ ಅವರು ಮಾತಾಡುವಾಗ ನನಗೆ ಒಳಗೆ ಒಂದೇ ಯೋಚನೆ: "ಇವನಿಗೆ ಎಂತ ಗೊತ್ತುಂಟು?" ನಾನು ಬಿಟ್ಟದ್ದು ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಕೂಟ) ಮೀಟಿಂಗಿಗೆ ಹೋದ ಮೇಲೆ. ಅಲ್ಲಿ ಒಬ್ಬರು ಎದ್ದು ನಿಂತು, ಹೆಂಡತಿಯ ಕರಿಮಣಿ ಅಡವಿಟ್ಟು ಕುಡಿದದ್ದನ್ನು ಹೇಳಿದರು. ನಾನು ಅದನ್ನೇ ಮಾಡಿದ್ದೆ. ಆವರೆಗೆ ಲೋಕದಲ್ಲಿ ನಾನೊಬ್ಬನೇ ಅಷ್ಟು ಕೀಳು ಅಂತ ಎಣಿಸಿದ್ದೆ.

1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಂಡದ್ದರಿಂದ ಶುರು ಆದದ್ದಲ್ಲವಾ ಇದು. ಅದರಲ್ಲಿ ಒಬ್ಬರು ಡಾಕ್ಟ್ರೇ! ಹೇಳಿಕೊಳ್ಳುವುದೇ ಅಲ್ಲಿ ಮದ್ದು. ಹಾಗಾಗಿ ಕೌನ್ಸೆಲರ್ ತನ್ನ ವಿಷಯ ಹೇಳಬಾರದು ಅಂತ ನನಗೆ ಒಪ್ಪಲಿಕ್ಕೆ ಆಗುವುದಿಲ್ಲ.

ಮೈಸೂರು_ಮನಸ್ಸು

ಒಪ್ಪುವ ಮಾತು. ಆದರೆ ಎ.ಎ.ನಲ್ಲಿ ಹೇಳೋರಿಗೂ ಕೇಳೋರಿಗೂ ಒಂದೇ ಥರದ ಕುರ್ಚಿ. ಇವತ್ತು ಕೇಳಿದವರು ನಾಳೆ ಹೇಳ್ತಾರೆ, ಯಾರೂ ಯಾರಿಗೂ ದುಡ್ಡು ಕೊಡಲ್ಲ. ಹೇಮಾವತಿಯವರು ತಮ್ಮ ಕೌನ್ಸೆಲರ್‌ಗೆ "ಮೇಡಂ, ಇವತ್ತು ನಿಮ್ಮದು ಸಾಕು" ಅನ್ನಬಲ್ಲರಾ? ಅನ್ನೋಕಾಗದೆ ತಾನೆ ಟಿಶ್ಯೂ ಡಬ್ಬಿ ತಳ್ಳಿದ್ದು.

ಕುಡ್ಲದ_ಕಡಲು

ಅದು ಹೌದು. ನನ್ನ ಸ್ಪಾನ್ಸರ್‌ಗೆ, ಅಂದರೆ ಎ.ಎ.ಯಲ್ಲಿ ನನಗೆ ದಾರಿ ತೋರಿಸುವ ಹಿರಿಯ ಸದಸ್ಯರಿಗೆ, ನಾನು "ಬಾಯಿ ಮುಚ್ಚಿ ಮಾರಾಯ್ರೆ" ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ.

ಎರಡನೇ_ಬೆಂಚು

ಜಾತಿ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೀನಿ.

ನಾನು ಚಾಮರಾಜನಗರ ಕಡೆಯವನು, ದಲಿತ. ಥೆರಪಿಸ್ಟ್ ತನ್ನ ಬಗ್ಗೆ ಹೇಳಬೇಕೋ ಬೇಡವೋ ಅಂತ ಇಲ್ಲಿ ಮಾತಾಡ್ತಾ ಇದ್ದೀರಿ. ನನ್ನ ಥೆರಪಿಸ್ಟ್ ಬಾಯಿ ಬಿಡೋ ಮೊದಲೇ ಬಾಗಿಲ ಮೇಲಿನ ಹೆಸರು ಹೇಳಿಯಾಗಿತ್ತು. ಗೋಡೆ ಮೇಲಿದ್ದ ಮಠದ ಫೋಟೋ ಇನ್ನಷ್ಟು ಹೇಳಿತ್ತು. ನಮ್ಮ ರಾಜ್ಯದಲ್ಲಿ ಅಡ್ಡಹೆಸರು, ಊರು, ಮಾತಾಡೋ ಧಾಟಿ, ಇಷ್ಟು ಗೊತ್ತಾದ್ರೆ ಇನ್ನೇನು ಉಳಿಯುತ್ತೆ? ಆ ಫ್ರಾಯ್ಡ್ ಕನ್ನಡಿ ನಮ್ಮಂಥವರಿಗೆ ಯಾವತ್ತೂ ಖಾಲಿ ಇರಲಿಲ್ಲ.

ಆದ್ರೂ ಮನುಷ್ಯ ಒಳ್ಳೆಯವರು ಅಂತ ಮುಂದುವರಿಸಿದೆ. ಆಫೀಸಲ್ಲಿ ಆಗ್ತಿದ್ದ ಅವಮಾನದ ವಿಷಯ ಹೇಳೋಕೆ ನಾಲ್ಕು ಸೆಷನ್ ಬೇಕಾಯ್ತು. ಹೇಳಿದೆ. ಅವರು ನಿಜವಾದ ಕನಿಕರದಿಂದಲೇ ಅಂದ್ರು: "ನಮ್ಮ ಕುಟುಂಬಾನೂ ತುಂಬಾ ಕಷ್ಟ ನೋಡಿದೆ. ತಾತನ ಜಮೀನೆಲ್ಲ ಟೆನೆನ್ಸೀಲಿ, ಗೇಣಿದಾರರಿಗೆ ಹೋಯ್ತು. ಅಪ್ಪ ಬರಿಗೈಲಿ ಮೈಸೂರಿಗೆ ಬಂದ್ರು."

ನಮ್ಮ ತಾತ ಅದರ ಇನ್ನೊಂದು ಕಡೆಯವರು, ಗೇಣಿದಾರರು. ಭೂ ಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಆದಮೇಲೆ ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಗೆ ಅಲೆದೂ ಅಲೆದೂ, ತಾವೇ ಉಳ್ತಿದ್ದ ಎರಡು ಎಕರೆ ತಮ್ಮ ಹೆಸರಿಗೆ ಮಾಡಿಸಿಕೊಂಡವರು. ದೇವರಾಜ ಅರಸು ಫೋಟೋ ಇವತ್ತಿಗೂ ನಮ್ಮನೆ ನಡುಮನೇಲಿದೆ. ನಮ್ಮನೇಲಿ ಆ ಕಾಯ್ದೆ ಹಬ್ಬ, ಅವರ ಮನೇಲಿ ಸೂತಕ. ಅವರಿಗೆ ಅದು ಹೊಳೀಲೇ ಇಲ್ಲ. ನಾನು "ಹೌದಾ ಸರ್, ಪಾಪ" ಅಂದೆ. ಅಂದ ಮೇಲೆ ನನ್ನ ಮೇಲೇ ನನಗೆ ಅಸಹ್ಯ ಆಯ್ತು. ಮತ್ತೆ ಹೋಗಲಿಲ್ಲ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಅವರು ಸುಮ್ಮನಿರಬೇಕಿತ್ತು ಅಂತ ನಾನು ಹೇಳ್ತಿಲ್ಲ. "ನನ್ನ ಹೆಸರು ನೋಡಿದಾಗ ನಿಮಗೆ ಇಲ್ಲಿ ಮಾತಾಡೋಕೆ ಹಿಂಜರಿಕೆ ಆಗಿರಬಹುದು" ಅಂತ ಮೊದಲ ದಿನವೇ ಒಂದು ಮಾತು ಅಂದಿದ್ರೆ ಆ ನಾಲ್ಕು ಸೆಷನ್ ಉಳೀತಿತ್ತು. ಹೇಳಬೇಕಾಗಿದ್ದನ್ನ ಹೇಳಲಿಲ್ಲ, ಬೇಡವಾದದ್ದನ್ನ ಹೇಳಿದ್ರು.

ರೋಣದ_ಕಾಕಾ

ತಮ್ಮಾ, ಇದನ್ನ ಓದಿ ಸುಮ್ಮಕ ಕುಂತೀನಿ. ಆ ನವಲಗುಂದದ ರೈತ ನನ್ನ ಹೊಲ ಕೇಳಿದಾಗ ಹೊಲ ಅಷ್ಟ ಕೇಳಿರಲಿಲ್ಲ, ಮಂದಿ ಯಾವದು, ಅಂದರ ಜಾತಿ ಯಾವದು ಅಂತನೂ ಕೇಳಿದ್ದ. ನನಗ ಅದರ ಉತ್ತರ ಸಲೀಸ ಇತ್ತು, ಅದಕ್ಕ ಈ ಕಥಿ ಇಷ್ಟ ಸಲೀಸಾಗಿ ಹೇಳಿದೆ.

ಕಾಮನಬಿಲ್ಲು_ಬೆಂಗಳೂರು

ಎರಡನೇ ಬೆಂಚು ಅವರ ಮಾತಿಗೆ ಜೋಡಿಸ್ತೀನಿ. ನಾನು ಲೆಸ್ಬಿಯನ್. ಸೆಕ್ಷನ್ 377 ವಿಷಯದಲ್ಲಿ, ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಅದಕ್ಕೂ ಮೊದಲು ಒಬ್ಬ ಡಾಕ್ಟರ್ "ಮದುವೆ ಆದ್ರೆ ಸರಿಹೋಗುತ್ತೆ" ಅಂದಿದ್ರು. ಆಮೇಲೆ ಹೊಸ ಥೆರಪಿಸ್ಟ್ ಹತ್ರ ಹೋದಾಗ ಕೂರೋ ಮೊದಲೇ ಕೇಳಿದೆ, "ನೀವು ನಮ್ಮವರಾ?" ಆಕೆ ಪ್ರಶ್ನೆಗೆ ಪ್ರಶ್ನೆ ಹಾಕಲಿಲ್ಲ. "ಹೌದು. ನನ್ನ ಸಂಗಾತೀನೂ ಹೆಂಗಸೇ. ಕೂತ್ಕೊಳ್ಳಿ" ಅಂದ್ರು. ಮೂರು ವರ್ಷ ಆಯ್ತು, ಆ ಸಂಗಾತಿಯ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಬೇಕಾಗೂ ಇಲ್ಲ.

ಮೈಸೂರು_ಮನಸ್ಸು

"ನೀವು ನಮ್ಮವರಾ" ಅಂದಾಗ ಅಮೆರಿಕದ ಸೈಕಾಲಜಿಸ್ಟ್ ಮಾರ್ಷಾ ಲೈನಹಾನ್ ನೆನಪಾದ್ರು. ಸಾಯೋ ಯೋಚನೆ ಬಿಡದೆ ಕಾಡೋರಿಗೆ ಡಿ.ಬಿ.ಟಿ. ಅನ್ನೋ ಚಿಕಿತ್ಸೆ ರೂಪಿಸಿದವರು. 1961ರಲ್ಲಿ, ಹದಿನೇಳನೇ ವಯಸ್ಸಿಗೆ, ಅವರೇ ಹಾರ್ಟ್‌ಫರ್ಡ್‌ನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು. ಕೈಮೇಲಿನ ಗಾಯದ ಗುರುತು ನೋಡಿ ಒಬ್ಬ ರೋಗಿ ಇದೇ ಪ್ರಶ್ನೆ ಕೇಳಿದ್ರಂತೆ, ನೀವೂ ನಮ್ಮಲ್ಲೊಬ್ಬರಾ ಅಂತ. ಕೊನೆಗೆ 2011ರಲ್ಲಿ ಅದೇ ಆಸ್ಪತ್ರೆಗೆ ಹೋಗಿ, ಜನರ ಮುಂದೆ ನಿಂತು ಹೇಳಿದ್ರು. ಅಷ್ಟು ಹೊತ್ತಿಗೆ ಅವರ ಚಿಕಿತ್ಸೆ ತನ್ನ ಕಾಲ ಮೇಲೆ ತಾನು ನಿಂತಿತ್ತು. ಹೇಳಿದ್ದಕ್ಕೆ ಕನಿಕರ ಬೇಕಾಗಿರಲಿಲ್ಲ.

ಎಡಿಸನ್_ಅಕ್ಕ

ನ್ಯೂಜೆರ್ಸಿಯಿಂದ. ನಂದು ಇದರ ಉಲ್ಟಾ. ಐ.ವಿ.ಎಫ್. ಎರಡನೇ ಸಲ ಕೈಕೊಟ್ಟಿತ್ತು. ಇಲ್ಲಿಯ ಥೆರಪಿಸ್ಟ್‌ಗೆ ಮಾತಿಗೆ ಮಾತು ಬಂದು ಕೇಳಿದೆ, "ನಿಮಗೆ ಮಕ್ಕಳಿದ್ದಾರಾ?" ನಮ್ಮ ಕಡೆ ಬಸ್ಸಲ್ಲಿ ಪಕ್ಕ ಕೂತವರನ್ನೂ ಕೇಳ್ತೀವಲ್ಲ ಹಾಗೆ. ಆಕೆ ತಣ್ಣಗೆ, "ಅದು ಗೊತ್ತಾದ್ರೆ ನಿಮಗೆ ಏನನ್ನಿಸಬಹುದು?" ಅಂದಳು. ಮುಖಕ್ಕೆ ಹೊಡೆದ ಹಾಗಾಯ್ತು. ಮನೆಗೆ ಬರೋ ದಾರಿ ಪೂರ್ತಿ ಗಂಡನ ಹತ್ರ ಬೈದೆ, ಎಂಥ ಕಲ್ಲುಹೃದಯದವಳು ಅಂತ.

ಕೆಲವು ತಿಂಗಳಾದ ಮೇಲೆ ಒಂದು ದಿನ ಸೆಷನ್ ಶುರುವಲ್ಲೇ ಅವಳಾಗಿ ಹೇಳಿದಳು, "ನಾನು ಬಸುರಿ. ಇನ್ನೊಂದು ತಿಂಗಳಿಗೆ ನಿಮಗೇ ಕಾಣುತ್ತೆ. ಅಷ್ಟರೊಳಗೆ ನನ್ನ ಬಾಯಿಂದಲೇ ನಿಮಗೆ ಗೊತ್ತಾಗಲಿ ಅಂತ. ಬೇರೆಯವರ ಹತ್ರ ಹೋಗಬೇಕು ಅನ್ನಿಸಿದ್ರೆ ನಾನೇ ಗೊತ್ತುಮಾಡಿ ಕೊಡ್ತೀನಿ. ಅವಸರ ಇಲ್ಲ, ಇವತ್ತಿನ ಪೂರ್ತಿ ಹೊತ್ತು ಇದಕ್ಕೇ ಇದೆ." ಅವತ್ತು ನಾನು ಅವಳ ಮೇಲೆ ಕಿರುಚಾಡಿದೆ. ಸುಮ್ಮನೆ ಕೇಳಿಸಿಕೊಂಡಳು, ಒಂದು ಸಲವೂ ಕೈ ಹೊಟ್ಟೆ ಮೇಲೆ ಹೋಗಲಿಲ್ಲ. ನಾನದನ್ನ ನೋಡ್ತಾನೇ ಇದ್ದೆ. ಮನೆಯವರು, ಸ್ನೇಹಿತರು ಯಾರ ಸೀಮಂತಕ್ಕೂ ನಾನು ಹಾಗೆ ಕಿರುಚೋಕೆ ಆಗಿರಲಿಲ್ಲ, ಅರಿಶಿನ ಕುಂಕುಮ ತಗೊಂಡು ನಕ್ಕು ಬಂದಿದ್ದೆ.

ಕಪ್ಪು_ಕೋಟು

ವೃತ್ತಿಯಲ್ಲಿ ವಕೀಲ. ಒಂದು ವಿಷಯ ಯಾರೂ ಗಮನಿಸಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಡೋದು ಚಿಕಿತ್ಸೆ ಪಡೆಯುವವರಿಗೆ. ಮೇಡಂ ಅವರ ತಮ್ಮನ ದಾವೆಯನ್ನ ಹೇಮಾವತಿಯವರು ಹೊರಗೆ ಹೇಳಬಾರದು ಅಂತ ಯಾವ ಸೆಕ್ಷನ್ನೂ ಇಲ್ಲ. ಅಂದ್ರೆ ಇವರು ಅದನ್ನ ಹೊತ್ತು ತಿರುಗ್ತಿರೋದು ಬರೀ ಮರ್ಯಾದೆಗೆ. ಬೆಂಗಳೂರಲ್ಲಿ ಸಿವಿಲ್ ದಾವೆ ಅಂದ್ರೆ ಪ್ರತಿವಾದಿ ನಮ್ಮ ಕಕ್ಷಿದಾರನೇ ಆಗಿರಬಹುದು ಅನ್ನೋಷ್ಟು ಊರು ಚಿಕ್ಕದು. ನಾನು ನನ್ನ ಮನೆ ವ್ಯಾಜ್ಯವನ್ನ ಕಕ್ಷಿದಾರರ ಮುಂದೆ ಆಡಲ್ಲ, ಕಾರಣ ಅಷ್ಟೇ. ತತ್ವಗಿತ್ವ ಏನಿಲ್ಲ.

ನಿರ್ವಾಹಕರು

ಚರ್ಚೆ ಚೆನ್ನಾಗಿ ನಡೀತಿದೆ. ಒಂದು ವಿನಂತಿ: ಕೌನ್ಸೆಲರ್ ಯಾರು, ಯಾವ ಏರಿಯಾ ಅಂತ ಕೇಳಿದ ಎರಡು ಕಾಮೆಂಟ್ ತೆಗೆದಿದ್ದೀವಿ. ಮತ್ತೆ ಕೇಳಬೇಡಿ. ರಾತ್ರಿ ಹೊತ್ತು ತೀರಾ ಕಷ್ಟ ಅನ್ನಿಸಿದವರು ಇಲ್ಲಿ ಉತ್ತರಕ್ಕೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಲೆನಾಡ_ಮಳೆ

ಎಲ್ಲ ಓದಿದೆ. ಎರಡನೇ ಬೆಂಚಿನವರ ಮಾತು ಮನಸ್ಸಿಗೆ ನಾಟಿತು. ಆದ್ರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಮೇಡಮ್ಮಿಗೂ ಅಮ್ಮ ಇಲ್ಲ, ತಮ್ಮ ಕೋರ್ಟಿಗೆ ಎಳೆದಿದ್ದಾನೆ. ದಿನಕ್ಕೆ ಆರು ಜನರ ಅಳು ಕೇಳಿ ಮನೆಗೆ ಹೋಗೋ ಹೆಂಗಸು ಯಾರ ಹತ್ರ ಹೇಳ್ಕೋಬೇಕು? ಅದನ್ನೂ ಯಾರಾದ್ರೂ ಹೇಳಿ.

ಮೈಸೂರು_ಮನಸ್ಸು

ನ್ಯಾಯವಾದ ಪ್ರಶ್ನೆ. ಅದಕ್ಕೇ ಸೂಪರ್‌ವಿಷನ್ ಅಂತ ಇರೋದು, ಕೆಲಸದ ಗೋಜಲನ್ನ ಹಿರಿಯರೊಬ್ಬರ ಮುಂದೆ ಬಿಚ್ಚಿಡೋದು. ತನ್ನ ದುಃಖಕ್ಕೆ ತಾನೂ ಥೆರಪಿಗೆ ಹೋಗಬಹುದು, ನಾನು ಹೋಗಿದ್ದೀನಿ. ಆದರೆ ಒಂಟಿಯಾಗಿ ಒಂದು ರೂಮು ಬಾಡಿಗೆ ಹಿಡಿದು ಪ್ರಾಕ್ಟೀಸ್ ಮಾಡೋ ಎಷ್ಟೋ ಜನಕ್ಕೆ ಎರಡೂ ಇರಲ್ಲ. ಅದಕ್ಕೂ ದುಡ್ಡು ಬೇಕು, ಹೊತ್ತು ಬೇಕು.

ಹೇಮಾವತಿಯವರೇ, ನಿಮಗೆ ಆಗುತ್ತೆ ಅನ್ನಿಸಿದ್ರೆ, ಇಲ್ಲಿ ಬರೆದಿದ್ದನ್ನೇ ಅವರಿಗೂ ಹೇಳಿ ನೋಡಿ. ಕೋಡುಬಳೆ ವಿಷಯಾನೂ ಸೇರಿಸಿ. ಕೇಳಿಸಿಕೊಂಡ್ರೆ ಸರಿ. ನಿಮ್ಮನ್ನೇ ತಪ್ಪಿತಸ್ಥೆ ಮಾಡಿದ್ರೆ ಬೇರೆಯವರನ್ನ ಹುಡುಕಿಕೊಳ್ಳೋಕೆ ಹಿಂದೆಮುಂದೆ ನೋಡಬೇಡಿ.

ಹೇಮಾವತಿ_ತೀರ · ಒಂಬತ್ತು ದಿನದ ನಂತರ

ಹೋಗಿ ಬಂದೆ. ಹಾಗೇ ಹೇಳಿದ್ರೆ ತೊದಲುತ್ತೀನಿ ಅಂತ ಆಫೀಸಿನ ನೋಟ್‌ಪ್ಯಾಡಲ್ಲಿ ಬರ್ಕೊಂಡು ಹೋಗಿದ್ದೆ. ಕೋಡುಬಳೆ ತಗೊಂಡು ಹೋಗಿರಲಿಲ್ಲ. ಮೇಡಂ "ಹೇಗಿದ್ದೀರಾ" ಅಂದ ಕೂಡಲೇ "ಒಂದು ಓದ್ತೀನಿ" ಅಂತ ಓದಿಬಿಟ್ಟೆ. ಕಾಫಿ ಲೋಟ, ಗಡಿಯಾರ, ಟಿಶ್ಯೂ ಡಬ್ಬಿ ಎಲ್ಲ. ತಲೆ ಎತ್ತೋಕೆ ಭಯ. ಕೈ ನಡುಗ್ತಿತ್ತು.

ತುಂಬಾ ಹೊತ್ತು ಮಾತಿಲ್ಲ. ಫ್ಯಾನ್ ಸದ್ದು ಮಾತ್ರ. ಆಮೇಲೆ, "ಸೀರೆ ವಿಷಯ ನಾನು ನಿಮಗೋಸ್ಕರ ಹೇಳಿದ್ದು. ಉಳಿದಿದ್ದು ನನಗೋಸ್ಕರ. ನೀವು ಚೆನ್ನಾಗಿ ಕೇಳಿಸ್ಕೊತೀರ, ಅದು ಅಭ್ಯಾಸ ಆಗಿಬಿಡ್ತು" ಅಂದ್ರು. ಅಳಲಿಲ್ಲ. ಅತ್ತಿದ್ರೆ ನಾನು ಮತ್ತೆ ಡಬ್ಬಿ ತಳ್ತಿದ್ದೆ, ಖಂಡಿತ. ತಮಗೂ ಒಬ್ಬರು ಸೀನಿಯರ್ ಇದ್ದಾರೆ, ಎರಡು ವರ್ಷದಿಂದ ಹೋಗಿಲ್ಲ, ಹೋಗ್ತೀನಿ ಅಂದ್ರು. ಆಮೇಲೆ "ಚೆನ್ನಾಗಿ ಕೇಳಿಸ್ಕೊಳ್ಳೋದು ನಿಮಗೆ ಯಾವಾಗಿಂದ ಅಭ್ಯಾಸ?" ಅಂತ ಕೇಳಿದ್ರು. ಉಳಿದ ಹೊತ್ತೆಲ್ಲ ಅದೇ ಆಯ್ತು. ಎಂಟನೇ ಕ್ಲಾಸಿಂದ, ಅಪ್ಪ ಕುಡಿದು ಬಂದ ರಾತ್ರಿ ಅಮ್ಮ ನನ್ನ ಹಾಸಿಗೆ ಮೇಲೆ ಬಂದು ಕೂತು ಮಾತಾಡ್ತಿದ್ದಿದ್ದರಿಂದ. ಅದನ್ನ ಇದುವರೆಗೆ ನಾನು ಕಷ್ಟ ಅಂತಾನೇ ಲೆಕ್ಕ ಹಾಕಿರಲಿಲ್ಲ. ಅಮ್ಮನ ಮೇಲೆ ಸಿಟ್ಟು ಬಂತು, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ.

ಹೊರಡುವಾಗ ಫೀಸ್ ಬೇಡ ಅಂದ್ರು. ನಾನು ಬಲವಂತವಾಗಿ ಕೊಟ್ಟೆ. ಪುಕ್ಕಟೆ ಅಂದ್ರೆ ಮತ್ತೆ ನೆಂಟಸ್ತನ ಆಗುತ್ತೆ. ಇನ್ನು ನಾಲ್ಕು ಸೆಷನ್ ನೋಡ್ತೀನಿ, ಆಮೇಲೆ ಯೋಚನೆ ಮಾಡ್ತೀನಿ.

ಚಿಕ್ಕು_ಚಿಕ್ಕಬಳ್ಳಾಪುರ

ಭೇಷ್ ಅಕ್ಕ. ಸಿಮ್ ಏನಾಯ್ತು?

ಹೇಮಾವತಿ_ತೀರ

ನಿನ್ನೆ 28 ದಿನ ಮುಗೀತು, ರೀಚಾರ್ಜ್ ಮಾಡಿಸಿದೆ. ಒಂದು ವಿಚಿತ್ರ ಹೇಳ್ಲಾ? ಆ ತಮ್ಮನ ಕೇಸು ಏನಾಯ್ತು ಅಂತ ತಲೇಲಿ ಕೊರೀತಾನೇ ಇದೆ. ಈ ತಿಂಗಳು ಹಿಯರಿಂಗ್ ಇದೆ ಅಂದಿದ್ರು, ಅದೂ ನೆನಪಿದೆ. ಮೇಡಂ ಹೇಳಲಿಲ್ಲ. ನಾನೂ ಕೇಳಲಿಲ್ಲ.